ಊಟಿಯ ಫೋಟೋಗಳು, ಹೆಸರಿಲ್ಲದ ಮುಖಗಳು



ನಮ್ಮ ಮನೆಯ ನಡುಮನೆಯ ಗೋಡೆಯ ಮೇಲೆ ಒಂದು ಹಳೆಯ ಫೋಟೋ ಇದೆ. ಕಪ್ಪು ಮರದ ಕಟ್ಟು, ಗಾಜಿನ ಒಂದು ಮೂಲೆ ಸೀಳಿದೆ. ಅದರಲ್ಲಿ ಒಂಬತ್ತು ಜನ. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಹಿರಿಯರು ಕೂತಿದ್ದಾರೆ, ಹಿಂದೆ ಕಿರಿಯರು ನಿಂತಿದ್ದಾರೆ. ನೆಲದ ಮೇಲೆ ಜರಿಲಂಗದ ಒಂದು ಪುಟ್ಟ ಹುಡುಗಿ ಚಕ್ಕಳಮಕ್ಕಳ ಹಾಕಿಕೊಂಡು ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದಾಳೆ. ನಮ್ಮ ತಾತ ಗುಂಡ್ಲುಪೇಟೆ ಕಡೆಯಿಂದ ಸೀಗೂರು ಘಾಟಿ ಹತ್ತಿ ಊಟಿಗೆ ಬಂದು, ಮಾರ್ಕೆಟ್ಟಿನಲ್ಲಿ ದಿನಸಿ ಅಂಗಡಿ ಇಟ್ಟ ಮೇಲೆ ತೆಗೆಸಿದ ಫೋಟೋ ಅದು. ಕೆಳಗಿನ ರಟ್ಟಿನ ಮೇಲೆ ಸ್ಟುಡಿಯೋದ ಹೆಸರು ಉಬ್ಬಿದ ಅಕ್ಷರಗಳಲ್ಲಿ ಒತ್ತಿದೆ. ಫೋಟೋದಲ್ಲಿರುವ ಒಬ್ಬರ ಹೆಸರೂ ಎಲ್ಲಿಯೂ ಇಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಮೊಮ್ಮಗಳು ಆ ಹುಡುಗಿಯನ್ನು ತೋರಿಸಿ, "ತಾತ, ಇದು ಯಾರು?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಒಂಬತ್ತು ಜನರಲ್ಲಿ ನನಗೆ ಗುರುತಿದ್ದವರು ನಾಲ್ವರು ಮಾತ್ರ. ಅರವತ್ತು ವರ್ಷ ಆ ಫೋಟೋದ ಕೆಳಗೇ ಕೂತು ಉಂಡವನು ನಾನು. ಆ ದಿನ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ನಾನು ಇತಿಹಾಸ ಓದಿದವನಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿಗೆ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಆದರೆ ಬ್ಯಾಂಕಿನ ಕೆಲಸ ನನಗೆ ಒಂದು ಪಾಠ ಕಲಿಸಿದೆ. ಹೆಬ್ಬೆಟ್ಟು ಒತ್ತುವ ಗಿರಾಕಿ ಖಾತೆ ತೆರೆದರೆ ಅವರ ಫೋಟೋ ಬೇಕು. ಫೋಟೋದ ಜೊತೆ ಹೆಸರು ಬೇಕು, ಊರು ಬೇಕು, ಇಂಥವರೇ ಇವರು ಎಂದು ಹೇಳುವ ಸಾಕ್ಷಿ ಬೇಕು. ಹೆಸರಿಲ್ಲದ ಫೋಟೋವನ್ನು ಯಾರಾದರೂ ಕೌಂಟರಿನಲ್ಲಿ ಕೊಟ್ಟರೆ ನಾವು ಹಿಂದಕ್ಕೆ ಕೊಡುತ್ತಿದ್ದೆವು. ಊಟಿಯ ಫೋಟೋಗ್ರಫಿಯ ಚರಿತ್ರೆಯನ್ನು ಬಿಡುವಾದಾಗ ಓದಿ, ಕೇಳಿ ತಿಳಿದುಕೊಂಡಾಗ ನನಗೆ ಅನ್ನಿಸಿದ್ದು ಇದೇ. ನಮ್ಮ ಬೆಟ್ಟದ ಸೀಮೆಯಲ್ಲಿ ಒಂದೂವರೆ ಶತಮಾನದಿಂದ ಫೋಟೋ ತೆಗೆದಿದ್ದಾರೆ, ಆದರೆ ಹೆಸರು ಬರೆದುಕೊಂಡದ್ದು ಬಹಳ ಕಡಿಮೆ.

ಈ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ, ಕೇಳಿ.

ಫೋಟೋ ತೆಗೆಯುವ ವಿದ್ಯೆ ಯೂರೋಪಿನಲ್ಲಿ ಜಗಜ್ಜಾಹೀರಾದದ್ದು 1839ರಲ್ಲಿ. ಹದಿನೈದು ವರ್ಷಗಳಲ್ಲಿ ಅದು ನಮ್ಮ ಕನ್ನಡ ನಾಡಿಗೂ ಬಂತು. ಮದರಾಸು ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ ಎಂಬಾತ 1854ರಲ್ಲಿ ಬೇಲೂರು, ಹಳೇಬೀಡಿನ ದೇವಾಲಯಗಳ ಫೋಟೋಗಳನ್ನು ತೆಗೆದ. 1856ರಲ್ಲಿ ಮದರಾಸಿನಲ್ಲಿ ಫೋಟೋಗ್ರಫಿ ಆಸಕ್ತರ ಒಂದು ಸಂಘವೇ ಹುಟ್ಟಿತು. ಅಲ್ಲಿಂದ ಕ್ಯಾಮೆರಾ ಬೆಟ್ಟ ಹತ್ತಲು ಹೆಚ್ಚು ಕಾಲ ಬೇಕಾಗಲಿಲ್ಲ.

ಆಗಿನ ಫೋಟೋ ಎಂದರೆ ಇಂದಿನಂತೆ ಬೆರಳು ತಾಗಿಸಿದರೆ ಮುಗಿಯುವ ಕೆಲಸವಲ್ಲ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಎಂಬಾತ ಪ್ರಕಟಿಸಿದ ಒದ್ದೆ ಗಾಜಿನ ವಿಧಾನ ಬಳಕೆಯಲ್ಲಿತ್ತು. ಗಾಜಿನ ಹಲಗೆಯ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರವವನ್ನು ಸಮವಾಗಿ ಹರಡಬೇಕು. ಕತ್ತಲಲ್ಲಿ ಅದನ್ನು ಬೆಳ್ಳಿಯ ನೈಟ್ರೇಟಿನಲ್ಲಿ ಅದ್ದಬೇಕು. ಅದು ಒಣಗುವ ಮುಂಚೆ ಕ್ಯಾಮೆರಾದಲ್ಲಿಟ್ಟು ಬೆಳಕು ಕೊಡಬೇಕು, ಒಣಗುವ ಮುಂಚೆಯೇ ಡೆವಲಪ್ ಮಾಡಬೇಕು. ಎಲ್ಲಕ್ಕೂ ಸೇರಿ ಕೆಲವೇ ನಿಮಿಷಗಳು. ಆದ್ದರಿಂದ ಫೋಟೋಗ್ರಾಫರ್ ಹೋದಲ್ಲೆಲ್ಲ ಕತ್ತಲೆ ಗುಡಾರ, ಗಾಜಿನ ಪೆಟ್ಟಿಗೆ, ರಾಸಾಯನಿಕಗಳ ಸೀಸೆಗಳು, ನೀರು, ಅವನ್ನೆಲ್ಲ ಹೊರುವ ಕೂಲಿಗಳು ಜೊತೆಗೇ ಹೋಗಬೇಕಿತ್ತು. ಬಯಲು ಸೀಮೆಯ ಸುಡುಬಿಸಿಲಿನಲ್ಲಿ ಗಾಜು ಬೇಗ ಒಣಗಿಹೋಗುತ್ತಿತ್ತು. ನಮ್ಮ ನೀಲಗಿರಿಯ ತಂಪು ಆ ಕೆಲಸಕ್ಕೆ ಅನುಕೂಲವಾಗಿತ್ತು. ಆದರೆ ರೈಲು ಕೂನೂರಿಗೆ ಬಂದದ್ದು 1899ರಲ್ಲಿ, ಊಟಿಗೆ ತಲುಪಿದ್ದು 1908ರಲ್ಲಿ. ಅಲ್ಲಿಯವರೆಗೆ ಅಷ್ಟೆಲ್ಲ ಗಾಜು ಘಾಟಿ ಹತ್ತಿದ್ದು ಎತ್ತಿನ ಗಾಡಿಯಲ್ಲಿ ಮತ್ತು ಮನುಷ್ಯರ ತಲೆಯ ಮೇಲೆ. ಹೊತ್ತವರು ಯಾರೆಂದು ಯಾರೂ ಬರೆದಿಟ್ಟಿಲ್ಲ.

ಬಂದವರ ಹೆಸರುಗಳು ಮಾತ್ರ ಉಳಿದಿವೆ. ಕ್ಯಾಪ್ಟನ್ ಎಡ್ಮಂಡ್ ಡೇವಿಡ್ ಲಯನ್ 1865ರ ಸುಮಾರಿಗೆ ಊಟಿಯಲ್ಲಿ ಸ್ಟುಡಿಯೋ ತೆರೆದ. ಮದರಾಸು ಸರ್ಕಾರ 1867-68ರಲ್ಲಿ ದಕ್ಷಿಣದ ಪ್ರಾಚೀನ ಕಟ್ಟಡಗಳ ಫೋಟೋ ತೆಗೆಯಲು ಆತನನ್ನು ನೇಮಿಸಿತು. ನಮ್ಮ ಹಂಪಿಯ ದೇವಾಲಯಗಳು ಆತನ ಕ್ಯಾಮೆರಾಕ್ಕೆ ಬಿದ್ದದ್ದು ಆಗಲೇ. ಹಿಮಾಲಯದ ಫೋಟೋಗಳಿಂದ ಹೆಸರಾದ ಸ್ಯಾಮ್ಯುಯೆಲ್ ಬೋರ್ನ್ 1869ರಲ್ಲಿ ನೀಲಗಿರಿಗೆ ಬಂದ. ಮದರಾಸಿನ ನಿಕೋಲಸ್ ಕಂಪೆನಿಯವರು ಊಟಿಯಲ್ಲೂ ಸ್ಟುಡಿಯೋ ನಡೆಸಿದರು. ಅವರ ಬಳಗದಲ್ಲಿ ಬಂದವನೇ ಆಲ್ಬರ್ಟ್ ಥಾಮಸ್ ವಾಟ್ಸನ್ ಪೆನ್. ಇಂಗ್ಲೆಂಡಿನಿಂದ 1865ರಲ್ಲಿ ಹದಿನಾರರ ಹುಡುಗನಾಗಿ ಬಂದ ಈತ ಊಟಿಯಲ್ಲಿ ನೆಲೆಸಿ, ಸ್ವಂತ ಸ್ಟುಡಿಯೋ ಮಾಡಿಕೊಂಡು, 1924ರಲ್ಲಿ ಕೂನೂರಿನಲ್ಲಿ ತೀರಿಕೊಂಡ. 1870ರಿಂದ ಮದರಾಸು ಸರ್ಕಾರ ಬೇಸಿಗೆಯಲ್ಲಿ ಊಟಿಗೆ ಬಂದು ಕೂರುತ್ತಿತ್ತು. ಗವರ್ನರರು, ದೊರೆಸಾನಿಯರು, ಸೈನ್ಯದ ಅಧಿಕಾರಿಗಳು, ಬೇಟೆಗೆ ಬರುವ ರಾಜರು ಎಲ್ಲರಿಗೂ ಫೋಟೋ ಬೇಕಿತ್ತು. ವ್ಯಾಪಾರಕ್ಕೆ ಕೊರತೆಯಿರಲಿಲ್ಲ.

ಇನ್ನೊಂದು ಬಗೆಯ ಫೋಟೋಗೂ ಬೇಡಿಕೆಯಿತ್ತು. ಅದು ನಮ್ಮ ಬೆಟ್ಟದ ಜನರದು. ತೋಡರು, ಕೋತರು, ಕುರುಂಬರು, ಬಡಗರು ಇವರ ಫೋಟೋಗಳನ್ನು ಇಂಗ್ಲಿಷರು ಕೊಂಡು ಆಲ್ಬಂಗಳಲ್ಲಿ ಅಂಟಿಸಿ ತಮ್ಮ ಊರುಗಳಿಗೆ ಒಯ್ದರು. ನೀಲಗಿರಿಯ ಕಮಿಷನರ್ ಆಗಿದ್ದ ಜೇಮ್ಸ್ ವಿಲ್ಕಿನ್ಸನ್ ಬ್ರೀಕ್ಸ್ ಎಂಬಾತ ಈ ಜನರ ಬಗ್ಗೆಯೂ ಇಲ್ಲಿಯ ಹಳೆಯ ಕಲ್ಗೋರಿಗಳ ಬಗ್ಗೆಯೂ ಬರೆದ ಗ್ರಂಥ, ಆತ ಕಾಲವಾದ ಮೇಲೆ, 1873ರಲ್ಲಿ ಫೋಟೋಗಳ ಸಮೇತ ಪ್ರಕಟವಾಯಿತು. ಇಂದಿಗೂ ವಿದ್ವಾಂಸರು ಅದನ್ನು ತೆರೆದು ನೋಡುತ್ತಾರೆ.

ಇಲ್ಲಿ ನಾವು ಕನ್ನಡಿಗರು ಗಮನಿಸಬೇಕಾದ ಒಂದು ಮಾತಿದೆ. ಬಡಗ ಎಂದರೆ ಬಡಗಣ ದಿಕ್ಕಿನವರು. ಮೈಸೂರು ಸೀಮೆಯಿಂದ ಬಂದವರು ಎಂಬ ಮಾತು ಅವರಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಅವರ ಮಾತು ಕನ್ನಡಕ್ಕೆ ಬಲು ಹತ್ತಿರ. ಊಟಿಯ ಎತ್ತರದ ಶಿಖರದ ಹೆಸರು ದೊಡ್ಡಬೆಟ್ಟ ಎಂಬುದನ್ನು ನೋಡಿದರೆ ಸಾಕು, ಬೇರೆ ಸಾಕ್ಷಿ ಬೇಡ. ಹೀಗೆ ನಮ್ಮ ಸೋದರ ಭಾಷೆಯ ಜನ ಆ ಹಳೆಯ ಫೋಟೋಗಳಲ್ಲಿ ಕಂಬಳಿ ಹೊದ್ದು, ಮುಂಡಾಸು ಸುತ್ತಿ, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಾರೆ. ಕೆಳಗೆ ಸಾಮಾನ್ಯವಾಗಿ ಬರೆದಿರುವುದು ಏನೆಂದರೆ ಬಡಗರ ಗುಂಪು, ತೋಡ ಹೆಂಗಸು, ಕೋತ ಗಂಡಸು, ಇಷ್ಟೇ. ಫೋಟೋಗ್ರಾಫರನ ಹೆಸರಿದೆ, ಕುಲದ ಹೆಸರಿದೆ. ಬೆಳಕಿನ ಮುಂದೆ ಅಷ್ಟು ಹೊತ್ತು ಅಲುಗಾಡದೆ ನಿಂತ ಮನುಷ್ಯನ ಹೆಸರಿಲ್ಲ.

ಇದು ಇಂಗ್ಲಿಷರು ಮಾತ್ರ ಮಾಡಿದ ತಪ್ಪು ಎಂದು ಹೇಳಲಾರೆ. ಚಾಮರಾಜನಗರದಲ್ಲಿ 1117ರ ಒಂದು ಶಾಸನವಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ಎಂಬಾತ ತೋಡರನ್ನು ಬೆದರಿಸಿ ನೀಲಗಿರಿಯನ್ನು ವಶಪಡಿಸಿಕೊಂಡ ಸಂಗತಿ ಅದರಲ್ಲಿದೆ. ತೋಡರ ಪ್ರಸ್ತಾಪ ಬರುವ ಅತಿ ಹಳೆಯ ದಾಖಲೆ ಅದೇ ಎನ್ನುತ್ತಾರೆ. ಅಲ್ಲಿಯೂ ಗೆದ್ದವನ ಹೆಸರು ಕಲ್ಲಿನ ಮೇಲೆ ಉಳಿಯಿತು, ಬೆದರಿದವರಿಗೆ ಕುಲದ ಹೆಸರಷ್ಟೇ ಸಿಕ್ಕಿತು. ಶಾಸನವಾಗಲಿ ಫೋಟೋವಾಗಲಿ, ಬರೆಯುವವನ ಕೈ ತನಗೆ ಬೇಕಾದ್ದನ್ನು ಮಾತ್ರ ಬರೆಯುತ್ತದೆ.

ಮುಂದೆ ಒಣ ಗಾಜಿನ ಫಲಕಗಳು ಬಂದವು, ಆ ಮೇಲೆ ಸುರುಳಿ ಫಿಲಂ ಬಂತು. ಇಪ್ಪತ್ತನೆಯ ಶತಮಾನದಲ್ಲಿ ಊಟಿ, ಕೂನೂರಿನ ಪೇಟೆಬೀದಿಗಳ ಸ್ಟುಡಿಯೋಗಳಿಗೆ ನಮ್ಮಂಥ ಅಂಗಡಿಯವರೂ, ಆಲೂಗಡ್ಡೆ ಬೆಳೆಯುವ ಹಳ್ಳಿಯವರೂ, ಟೀ ಎಸ್ಟೇಟಿನ ಮೇಸ್ತ್ರಿಗಳೂ ಮದುವೆಯ ಮಾರನೆಯ ದಿನ ಹೋಗತೊಡಗಿದರು. ಹಿಂದೆ ಬಣ್ಣದ ಪರದೆ, ಪಕ್ಕದಲ್ಲಿ ಹೂಕುಂಡದ ಸ್ಟ್ಯಾಂಡು, ಕೈಗೊಂದು ಪುಸ್ತಕ. ನಮ್ಮ ಮನೆಯ ಫೋಟೋ ಆ ಕಾಲದ್ದು.

ಇನ್ನು ಊಟಿಯ ಚರಿತ್ರೆಯಲ್ಲಿ ನಮ್ಮ ತಲೆಮಾರು ಕಣ್ಣಾರೆ ಕಂಡ ಅಧ್ಯಾಯಕ್ಕೆ ಬರುತ್ತೇನೆ.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ಫೋಟೋ ಫಿಲಂ ತಯಾರಾಗುತ್ತಿರಲಿಲ್ಲ. ಎಲ್ಲವೂ ಹೊರದೇಶದಿಂದ ಬರಬೇಕು, ಅದಕ್ಕೆ ವಿದೇಶಿ ಹಣ ತೆರಬೇಕು. ಆದ್ದರಿಂದ ಕೇಂದ್ರ ಸರ್ಕಾರ 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲಂಸ್ ಎಂಬ ಕಂಪೆನಿಯನ್ನು ಸ್ಥಾಪಿಸಿತು. ಕಾರ್ಖಾನೆಗೆ ಆರಿಸಿದ ಜಾಗ ಊಟಿ. ಫಿಲಂ ಮಾಡಲು ಧೂಳಿಲ್ಲದ ಗಾಳಿ, ತಂಪಾದ ಹವೆ, ಶುದ್ಧವಾದ ನೀರು ಬೇಕು. ಇವು ಮೂರೂ ಇಲ್ಲಿದ್ದವು. ಫ್ರಾನ್ಸ್ ದೇಶದ ಕಂಪೆನಿಯೊಂದರ ತಾಂತ್ರಿಕ ಸಹಕಾರದಿಂದ ಕಟ್ಟಿದ ಕಾರ್ಖಾನೆ 1967ರಲ್ಲಿ ಉತ್ಪಾದನೆ ಆರಂಭಿಸಿತು. ಆ ಫಿಲಂಗೆ ಇಟ್ಟ ಹೆಸರು ಇಂದು. ಇಂದು ಎಂದರೆ ಚಂದ್ರ. ಕನ್ನಡದಲ್ಲಿ ಈ ದಿನ ಎಂಬ ಅರ್ಥವೂ ಇದೆ. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆ ಇಂದುನಗರವಾಯಿತು.

ಕಪ್ಪುಬಿಳುಪಿನ ಸುರುಳಿ ಫಿಲಂ, ಪ್ರಿಂಟ್ ಹಾಕುವ ಬ್ರೋಮೈಡ್ ಕಾಗದ, ಸಿನಿಮಾ ಪ್ರಿಂಟಿನ ಫಿಲಂ, ಆಸ್ಪತ್ರೆಗಳ ಎಕ್ಸ್-ರೇ ಫಿಲಂ ಎಲ್ಲವೂ ಇಲ್ಲಿಂದ ಹೋಗುತ್ತಿದ್ದವು. ನಿಮ್ಮಲ್ಲಿ ಐವತ್ತು ದಾಟಿದವರ ಮನೆಯಲ್ಲಿ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಇದ್ದಿರಬಹುದು. ಹನ್ನೆರಡು ಫೋಟೋ ಬರುವ ಒಂದು ರೋಲನ್ನು ಹಬ್ಬದಿಂದ ಹಬ್ಬಕ್ಕೆ ಕಾಪಾಡಿಕೊಂಡ ನೆನಪಿದ್ದರೆ, ಅದು ನಮ್ಮ ಊರಿನ ರೋಲೇ ಆಗಿದ್ದೀತು. ನಿಮ್ಮ ತಂದೆಯವರ ಎದೆಯ ಎಕ್ಸ್-ರೇಯೂ ನಮ್ಮ ಊರಿನ ಫಿಲಂ ಮೇಲೆ ಮೂಡಿದ್ದೀತು.

ಫಿಲಂ ಹೇಗೆ ಆಗುತ್ತದೆ ಎಂದು ಅಲ್ಲಿ ಕೆಲಸ ಮಾಡುತ್ತಿದ್ದ ನನ್ನ ಸ್ನೇಹಿತರೊಬ್ಬರು ಹೇಳುತ್ತಿದ್ದರು. ಬೆಳ್ಳಿಯನ್ನು ನೈಟ್ರೇಟ್ ಮಾಡಿ, ಅದರಿಂದ ಬೆಳಕು ತಾಗಿದರೆ ಬದಲಾಗುವ ಸಣ್ಣ ಸಣ್ಣ ಹರಳುಗಳನ್ನು ತೆಗೆದು, ಜೆಲಾಟಿನ್ ಎಂಬ ಅಂಟಿನಲ್ಲಿ ಕಲಸಿ, ಪಾರದರ್ಶಕ ಹಾಳೆಯ ಮೇಲೆ ಕೂದಲೆಳೆಗಿಂತ ತೆಳ್ಳಗೆ ಬಳಿಯುತ್ತಾರೆ. ಎಲ್ಲ ಬಣ್ಣದ ಬೆಳಕಿಗೂ ಸ್ಪಂದಿಸುವ ಫಿಲಂ ಆದರೆ ಆ ಕೆಲಸ ಗಾಢಾಂಧಕಾರದಲ್ಲಿಯೇ ಆಗಬೇಕು. ಕೆಂಪು ದೀಪವೂ ಇರಕೂಡದು. ಕೆಲಸಗಾರರು ಗೋಡೆ, ಹಿಡಿ, ಯಂತ್ರ ಎಲ್ಲವನ್ನೂ ಕೈಯಿಂದ ತಡವಿ ತಿಳಿಯುತ್ತಿದ್ದರು. ಜೊತೆಗಾರ ಯಾರೆಂಬುದನ್ನು ಹೆಜ್ಜೆಯ ಸಪ್ಪಳದಿಂದ ಗುರುತಿಸುತ್ತಿದ್ದರು. ಹಗಲು ಪಾಳಿ ಮುಗಿಸಿ ಹೊರಗೆ ಬಂದಾಗ ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲವಂತೆ.

ಆ ಕಾರ್ಖಾನೆಯಲ್ಲಿ ತಮಿಳರಿದ್ದರು, ಬಡಗರಿದ್ದರು, ಮಲೆಯಾಳಿಗಳಿದ್ದರು, ನಮ್ಮವರೂ ಇದ್ದರು. ಸಂಬಳದ ವಾರ ಬ್ಯಾಂಕಿನ ಕೌಂಟರಿನ ಮುಂದೆ ನಿಂತವರಲ್ಲಿ ಎಷ್ಟೋ ಜನ ಕಾರ್ಖಾನೆಯವರೇ. ಅವರ ಪಾಸ್‌ಬುಕ್ಕುಗಳನ್ನು ಬರೆದ ಕೈ ಇದು. ಮಗಳ ಮದುವೆ, ಮಗನ ಇಂಜಿನಿಯರಿಂಗ್ ಫೀಸು, ಇಂದುನಗರದಾಚೆಯ ಒಂದು ತುಂಡು ಸೈಟು ಎಲ್ಲವೂ ಆ ಪಾಸ್‌ಬುಕ್ಕುಗಳಲ್ಲಿ ಇದ್ದವು.

1990ರ ದಶಕದಲ್ಲಿ ಒಂದು ವಿಚಿತ್ರ ನಡೆಯಿತು. 1993ರಲ್ಲಿ ಚುನಾವಣಾ ಆಯೋಗ ಮತದಾರರಿಗೆ ಭಾವಚಿತ್ರದ ಗುರುತಿನ ಚೀಟಿ ಕೊಡುವ ಕೆಲಸ ಆರಂಭಿಸಿತು. 1994ರ ಸುಮಾರಿಗೆ ಬ್ಯಾಂಕುಗಳಲ್ಲಿ ಹೆಬ್ಬೆಟ್ಟಿನವರಿಗೆ ಮಾತ್ರವಲ್ಲ, ಹೊಸ ಖಾತೆ ತೆರೆಯುವ ಎಲ್ಲರಿಗೂ ಫೋಟೋ ಬೇಕೆಂದಾಯಿತು. ಜನ ಹಿಂಡುಹಿಂಡಾಗಿ ಸ್ಟುಡಿಯೋಗೆ ಹೋದರು. ಒಬ್ಬ ಬಡಗ ಅಜ್ಜಿಯ ನೆನಪು ನನಗೆ ಚೆನ್ನಾಗಿದೆ. ಬಿಳಿ ಮುಂಡು ಉಟ್ಟು, ತಲೆಗೆ ಬಿಳಿ ಬಟ್ಟೆ ಕಟ್ಟಿದ್ದರು. ತಮ್ಮ ಫೋಟೋವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಅದು ಅವರ ಮೊದಲನೆಯ ಫೋಟೋವಂತೆ. ನಾನು ಅದನ್ನು ಫಾರಮ್ಮಿಗೆ ಅಂಟಿಸಲು ಕೈ ಚಾಚಿದಾಗ, ಹಿಂದಕ್ಕೆ ಕೊಡುತ್ತೀಯಾ ಎಂದು ತಮ್ಮ ಭಾಷೆಯಲ್ಲಿ ಕೇಳಿದರು. ಕೊಡಲಾಗುವುದಿಲ್ಲ ಅಜ್ಜಿ, ಇನ್ನೊಂದು ಪ್ರತಿ ಸ್ಟುಡಿಯೋದಲ್ಲಿ ಇಸಕೊಳ್ಳಿ ಎಂದೆ. ನೂರಿಪ್ಪತ್ತು ವರ್ಷಗಳ ಹಿಂದೆ ಅವರ ಮುತ್ತಜ್ಜಿಯ ಫೋಟೋವನ್ನು ಯಾರೋ ತೆಗೆದು ಸಮುದ್ರದಾಚೆ ಒಯ್ದಿದ್ದರೂ ಒಯ್ದಿರಬಹುದು. ಹೆಸರಿನ ಸಮೇತ ಫೋಟೋ ಒಂದು ಕಡೆ ದಾಖಲಾದದ್ದು ಆ ಮನೆತನದಲ್ಲಿ ಬಹುಶಃ ಅಂದೇ ಮೊದಲು.

ಹೀಗೆ ಪ್ರತಿಯೊಬ್ಬರಿಗೂ ಫೋಟೋ ಬೇಕಾಗಿ ಬಂದ ಕಾಲದಲ್ಲಿಯೇ ಫಿಲಂ ಮಾಡುವ ಕಾರ್ಖಾನೆ ಕಾಯಿಲೆ ಬಿತ್ತು. 1991ರ ನಂತರ ಆಮದು ಸುಂಕ ಇಳಿದು ವಿದೇಶಿ ಫಿಲಂ ಅಗ್ಗವಾಗಿ ಬರತೊಡಗಿತು. ಜನ ಬಣ್ಣದ ಫೋಟೋಗೆ ಮನಸೋತರು. ಪಾಲಿಯೆಸ್ಟರ್ ಹಾಳೆಯ ಎಕ್ಸ್-ರೇ ಫಿಲಂಗಾಗಿ ಕಟ್ಟಿದ ಹೊಸ ಘಟಕದ ಸಾಲ, ಬಡ್ಡಿ ಬೆಳೆಯಿತು. ಸಾಲಕ್ಕೆ ಬಡ್ಡಿ, ಬಡ್ಡಿಗೆ ಬಡ್ಡಿ ಹೇಗೆ ಬೆಳೆಯುತ್ತದೆಂದು ಬ್ಯಾಂಕಿನವನಾದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1996ರಲ್ಲಿ ಕಂಪೆನಿಯನ್ನು ರೋಗಗ್ರಸ್ತ ಎಂದು ಘೋಷಿಸಲಾಯಿತು. 2003ರಲ್ಲಿ ಅದನ್ನು ಮುಚ್ಚುವುದೇ ಸರಿ ಎಂಬ ಶಿಫಾರಸು ಬಂತು. ಅಷ್ಟರಲ್ಲಿ ಫಿಲಂ ಬೇಡದ ಡಿಜಿಟಲ್ ಕ್ಯಾಮೆರಾ ಬಂದಾಗಿತ್ತು. ಜಗತ್ತಿಗೇ ಫಿಲಂ ಮಾರಿದ ಅಮೆರಿಕದ ಕೊಡ್ಯಾಕ್ ಕಂಪೆನಿಯೇ 2012ರಲ್ಲಿ ದಿವಾಳಿ ಅರ್ಜಿ ಹಾಕಿತೆಂದರೆ ನಮ್ಮದೇನು ಲೆಕ್ಕ? 2014ರಲ್ಲಿ ಉಳಿದ ಕೆಲಸಗಾರರಿಗೆ ಸ್ವಯಂನಿವೃತ್ತಿ ಕೊಡಲು ಕೇಂದ್ರ ಸಚಿವ ಸಂಪುಟ ಒಪ್ಪಿತು. ಅಲ್ಲಿಗೆ ಒಂದು ಅಧ್ಯಾಯ ಮುಗಿಯಿತು.

ನನ್ನ ಸ್ನೇಹಿತರನ್ನು ಒಮ್ಮೆ ಕೇಳಿದೆ: "ಕಾರ್ಖಾನೆಯೊಳಗೆ ನೀವು ಕೆಲಸ ಮಾಡುವ ಫೋಟೋ ಒಂದಾದರೂ ಇದೆಯೇ?" ಅವರು ನಕ್ಕರು. "ಕತ್ತಲಲ್ಲಿ ಫೋಟೋ ತೆಗೆಯುವವರು ಯಾರು ಮಾರಾಯರೇ? ದೀಪ ಹಾಕಿದರೆ ಫಿಲಂ ಎಲ್ಲ ಹಾಳು" ಎಂದರು. ನಿಜ. ದೇಶದ ಮದುವೆಗಳನ್ನೂ ಮಕ್ಕಳನ್ನೂ ಕಾಗದದ ಮೇಲೆ ಉಳಿಸಿಕೊಟ್ಟವರು ತಾವು ಕೆಲಸ ಮಾಡಿದ ಒಂದು ಫೋಟೋ ಇಲ್ಲದೆ ಮನೆಗೆ ಹೋದರು. ಅವರ ಬಳಿ ಇದ್ದದ್ದು ಗೇಟಿನ ಹೊರಗೆ ಹತ್ತಾರು ಜನ ಸಾಲಾಗಿ ನಿಂತ ಒಂದು ಬೀಳ್ಕೊಡುಗೆಯ ಫೋಟೋ ಮಾತ್ರ. ನಾನು ಅದನ್ನು ತಿರುಗಿಸಿ ನೋಡಿದೆ. ಹಿಂಬದಿ ಖಾಲಿ ಇತ್ತು.

ಅಂದೇ ಸಂಜೆ ಇಬ್ಬರೂ ಕೂತು ಹೆಸರು ಬರೆದೆವು. ಎಡದಿಂದ ಬಲಕ್ಕೆ, ಹಿಂದಿನ ಸಾಲು, ಮುಂದಿನ ಸಾಲು. ಮೂವರ ಹೆಸರು ಅವರಿಗೆ ಹೊಳೆಯಲಿಲ್ಲ. ಇಬ್ಬರಿಗೆ ಫೋನು ಮಾಡಿ ಕೇಳಿದರು. ಒಬ್ಬರ ಹೆಸರು ಕೊನೆಗೂ ಸಿಗಲಿಲ್ಲ. ಆ ಜಾಗದಲ್ಲಿ ಅವರು ಯಾವ ವಿಭಾಗದವರೆಂದಷ್ಟೇ ಬರೆದು ಬಿಟ್ಟೆವು.

ಮರುವಾರ ನಾನು ನಮ್ಮ ಮನೆಯ ಫೋಟೋವನ್ನು ಗೋಡೆಯಿಂದ ಇಳಿಸಿ, ಟವೆಲಿನಲ್ಲಿ ಸುತ್ತಿಕೊಂಡು ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಅಲ್ಲಿ ತೊಂಬತ್ತರ ಸಮೀಪದ ನಮ್ಮ ಸೋದರತ್ತೆ ಇದ್ದರು. ಕಣ್ಣು ಮಂಜಾಗಿತ್ತು. ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ಒಬ್ಬೊಬ್ಬರನ್ನೇ ಹೇಳಿದರು. ಜರಿಲಂಗದ ಹುಡುಗಿಯ ಹತ್ತಿರ ಬಂದಾಗ ಬೆರಳು ನಿಂತಿತು. ಅದು ಅವರ ಅಕ್ಕ. ಏಳು ತುಂಬುವ ಮೊದಲೇ ಜ್ವರ ಬಂದು ಹೋದಳಂತೆ. ಅತ್ತೆ ಹುಟ್ಟಿದ್ದು ಆ ಮೇಲೆ. ಅವಳ ಹೆಸರು ಹೇಳಿದಾಗ ನಾನು ಬೆಚ್ಚಿದೆ. ನನ್ನ ಸ್ವಂತ ತಂಗಿಗೆ ಅದೇ ಹೆಸರು. ತಾತ ಹಟ ಹಿಡಿದು ಆ ಹೆಸರು ಏಕೆ ಇಡಿಸಿದರೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ತಂಗಿಗೂ ಗೊತ್ತಿರಲಿಲ್ಲ.

ಪೆನ್ ಎಂಬ ಆ ಫೋಟೋಗ್ರಾಫರನ ವಂಶದವರೇ ಊರೂರು ಹುಡುಕಿ ಆತನ ಫೋಟೋಗಳನ್ನು ಸಂಗ್ರಹಿಸಿ, 2014ರಲ್ಲಿ ಪುಸ್ತಕ ತಂದರು. ಒಂದು ಮನೆಯವರು ಆಸ್ಥೆ ವಹಿಸಿದ್ದರಿಂದ ಒಬ್ಬ ಮನುಷ್ಯ ಮರೆವಿನಿಂದ ಎದ್ದುಬಂದ. ಹಾಗಾದರೆ ಆತನ ಕ್ಯಾಮೆರಾದ ಎದುರಿಗಿದ್ದವರ ಮನೆಯವರು ನಾವಲ್ಲವೇ?

ಇಂದು ಸಸ್ಯೋದ್ಯಾನದ ಮುಂದೆ, ಕೆರೆಯ ದಂಡೆಯಲ್ಲಿ, ದೊಡ್ಡಬೆಟ್ಟದ ಮೇಲೆ ಪ್ರವಾಸಿಗಳ ಕೈಯಲ್ಲೆಲ್ಲ ಮೊಬೈಲು. ಫೋಟೋಗೆ ಬರವಿಲ್ಲ. ಆದರೆ ನಿಮ್ಮ ಮನೆಯ ಕಪಾಟಿನಲ್ಲಿ, ಟ್ರಂಕಿನಲ್ಲಿ ಇರುವ ಹಳೆಯ ಫೋಟೋಗಳಿಗೆ ಕಾಲ ಕಡಿಮೆ. ಕಾಗದ ಇನ್ನೂ ಐವತ್ತು ವರ್ಷ ಬಾಳೀತು, ಗುರುತು ಹಿಡಿಯುವ ಕಣ್ಣುಗಳು ಅಷ್ಟು ಕಾಲ ಇರಲಾರವು. ಆದ್ದರಿಂದ ನನ್ನ ವಿನಂತಿ ಇಷ್ಟೇ. ಮನೆಯ ಹಿರಿಯರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕೂರಿ. ಫೋಟೋದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ, ಹೆಸರು, ಊರು, ವರ್ಷ ಬರೆಯಿರಿ. ಬಾಲ್‌ಪೆನ್ ಬೇಡ, ಅದರ ಗುರುತು ಮುಂಭಾಗಕ್ಕೆ ಮೂಡುತ್ತದೆ. ಸೆಲೋಟೇಪು ಬೇಡ, ಅದು ಹಳದಿಯಾಗಿ ಫೋಟೋವನ್ನೇ ತಿನ್ನುತ್ತದೆ. ನೆಗೆಟಿವ್ ಇದ್ದರೆ ಬಿಸಾಡಬೇಡಿ, ಒಣಗಿದ ಜಾಗದಲ್ಲಿ ಕಾಗದದ ಲಕೋಟೆಯಲ್ಲಿಡಿ. ನಮ್ಮ ಬೆಟ್ಟದ ಮಂಜಿಗೆ ಬೂಷ್ಟು ಬಲು ಬೇಗ ಹಿಡಿಯುತ್ತದೆ. ಗಡಿಯಾಚೆ ಬಾಳುವ ನಮಗೆ ಇದು ಇನ್ನೂ ಅಗತ್ಯ. ನಮ್ಮ ಹಿರಿಯರು ಎಲ್ಲಿಂದ ಬಂದರು, ಯಾರ ಜೊತೆ ಬಂದರು ಎಂಬುದಕ್ಕೆ ಎಷ್ಟೋ ಮನೆಗಳಲ್ಲಿ ಆ ಒಂದು ಫೋಟೋ ಬಿಟ್ಟು ಬೇರೆ ದಾಖಲೆಯಿಲ್ಲ.

ನಮ್ಮ ಮನೆಯ ಫೋಟೋ ಮತ್ತೆ ಗೋಡೆಗೆ ಏರಿದೆ. ಅದರ ಹಿಂದೆ ಈಗ ಎಂಟು ಹೆಸರುಗಳಿವೆ. ಒಂಬತ್ತನೆಯವರು ಹಿಂದಿನ ಸಾಲಿನ ಬಲತುದಿಯಲ್ಲಿ ಕೋಟು ತೊಟ್ಟು ನಿಂತ ಯುವಕ. ಅವರು ಯಾರೆಂದು ಅತ್ತೆಗೂ ತಿಳಿಯಲಿಲ್ಲ. ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ, ಇನ್ನೂ ಕೇಳುತ್ತಿದ್ದೇನೆ.